ಗೋಪಾಲಕೃಷ್ಣ ಗೋಖಲೆ

ಗೋಪಾಲಕೃಷ್ಣ ಗೋಖಲೆ (9 ಮೇ 1866 – 19 ಫೆಬ್ರವರಿ 1915) ಭಾರತದ ಶಿಕ್ಷಣತಜ್ಞರು, ಸಮಾಜ ಸುಧಾರಕರು ಹಾಗೂ ಕಾಂಗ್ರೆಸ್ಸಿನ ಮಂದಗಾಮಿ ಪಂಥದ ಪ್ರಮುಖ ನಾಯಕರು. ಮಹಾತ್ಮ ಗಾಂಧಿಯವರು ಇವರನ್ನು ತಮ್ಮ ರಾಜಕೀಯ ಗುರುವೆಂದು ಸ್ವೀಕರಿಸಿದ್ದರು. ಗೋಖಲೆಯವರ ಹೆಸರು ಇಂದು ಹೆಚ್ಚಾಗಿ ರಾಜಕೀಯ ಇತಿಹಾಸದಲ್ಲಿ ಕಾಣಿಸಿಕೊಳ್ಳುತ್ತದೆ. ಆದರೆ ಅವರ ಉದ್ಯೋಗ ಜೀವನದ ಬಹುಭಾಗ ಕಳೆದದ್ದು ಪುಣೆಯ ಒಂದು ಖಾಸಗಿ ಶಿಕ್ಷಣ ಸಂಸ್ಥೆಯಲ್ಲಿ, ತಿಂಗಳಿಗೆ 75 ರೂಪಾಯಿ ವೇತನದ ಅಧ್ಯಾಪಕರಾಗಿ. ಲಾಭದ ಉದ್ದೇಶವಿಲ್ಲದ ಸಂಸ್ಥೆಯೊಂದು ತನ್ನಲ್ಲಿ ದುಡಿಯುವವನಿಗೆ ಎಷ್ಟು ಕೊಡಬೇಕು, ಅವನಿಂದ ಎಷ್ಟನ್ನು ಕೇಳಬಹುದು ಎಂಬ ಪ್ರಶ್ನೆಯನ್ನು ಅವರು ಮೊದಲು ನೌಕರನಾಗಿ, ಅನಂತರ ಸಂಸ್ಥಾಪಕನಾಗಿ, ಎರಡೂ ಕಡೆಯಿಂದ ಎದುರಿಸಿದರು.

ಜನನ ಮತ್ತು ವಿದ್ಯಾಭ್ಯಾಸ

ಗೋಖಲೆಯವರು ಹುಟ್ಟಿದ್ದು ಕೊಂಕಣದ ರತ್ನಾಗಿರಿ ಜಿಲ್ಲೆಯ ಕೋತಳೂಕ ಎಂಬ ಹಳ್ಳಿಯಲ್ಲಿ, ಬಡ ಚಿತ್ಪಾವನ ಬ್ರಾಹ್ಮಣ ಕುಟುಂಬದಲ್ಲಿ. ತಂದೆ ಕೃಷ್ಣರಾಯರು ಕೊಲ್ಲಾಪುರ ಸಂಸ್ಥಾನಕ್ಕೆ ಅಧೀನವಾಗಿದ್ದ ಕಾಗಲ್ ಜಹಗೀರಿನಲ್ಲಿ ಗುಮಾಸ್ತರಾಗಿದ್ದು, ಮುಂದೆ ಪೊಲೀಸ್ ಇಲಾಖೆಯ ಸಣ್ಣ ಅಧಿಕಾರಿಯಾದರು. ನಮ್ಮ ನಿಪ್ಪಾಣಿಗೆ ಕಾಗಲ್ ಹೆಚ್ಚು ದೂರವಿಲ್ಲ. ಬಾಲಕ ಗೋಪಾಲನ ಮೊದಲ ಪಾಠಗಳು ಅಲ್ಲಿಯೇ ನಡೆದವು. ಮುಂದಿನ ಓದಿಗೆ ಅವನು ಅಣ್ಣನೊಡನೆ ಕೊಲ್ಲಾಪುರಕ್ಕೆ ಹೋದನು.

1879ರಲ್ಲಿ ತಂದೆ ತೀರಿಕೊಂಡರು. ಆಗ ಗೋಪಾಲನಿಗೆ 13 ವರ್ಷ. ಹದಿನೆಂಟರ ಆಸುಪಾಸಿನಲ್ಲಿದ್ದ ಅಣ್ಣ ಗೋವಿಂದರಾಯನು ತನ್ನ ಓದನ್ನು ನಿಲ್ಲಿಸಿ, ಕಾಗಲ್‌ನಲ್ಲಿ ತಿಂಗಳಿಗೆ 15 ರೂಪಾಯಿ ಸಂಬಳದ ನೌಕರಿಗೆ ಸೇರಿದನು. ಅದರಲ್ಲಿ 8 ರೂಪಾಯಿಗಳನ್ನು ತಮ್ಮನ ಓದಿಗೆ ಕಳುಹಿಸಿ, ಉಳಿದ 7 ರೂಪಾಯಿಗಳಲ್ಲಿ ಮನೆಯನ್ನು ನಡೆಸಿದನು. ಗೋಪಾಲನು ಕೊಲ್ಲಾಪುರದಲ್ಲಿ ತನ್ನ ಅಡುಗೆಯನ್ನು ತಾನೇ ಮಾಡಿಕೊಂಡು ಓದಿದನು. ಬೀದಿ ದೀಪದ ಕೆಳಗೆ ಓದಿದ ಕಥೆಯೂ, ಮತ್ತೊಬ್ಬರ ನೆರವಿನಿಂದ ಬಿಡಿಸಿದ ಲೆಕ್ಕಕ್ಕೆ ಗುರುಗಳಿಂದ ಹೊಗಳಿಕೆ ಬಂದಾಗ ಅತ್ತು ನಿಜ ಹೇಳಿದ ಕಥೆಯೂ ನಮ್ಮ ಶಾಲಾ ಪಠ್ಯಗಳಲ್ಲಿ ಅನೇಕ ಬಾರಿ ಬಂದಿವೆ. ಅಂಥ ಕಥೆಗಳಿಗಿಂತ ಆ 8 ರೂಪಾಯಿಗಳ ಲೆಕ್ಕವೇ ಗೋಖಲೆಯವರ ಮುಂದಿನ ಜೀವನವನ್ನು ಅರ್ಥಮಾಡಿಕೊಳ್ಳಲು ಹೆಚ್ಚು ಸಹಾಯಕವಾಗಿದೆ.

1881ರಲ್ಲಿ ಮೆಟ್ರಿಕ್ಯುಲೇಶನ್ ಮುಗಿಸಿದ ಅವರು ಕೊಲ್ಲಾಪುರದ ರಾಜಾರಾಮ್ ಕಾಲೇಜು, ಪುಣೆಯ ಡೆಕ್ಕನ್ ಕಾಲೇಜು ಹಾಗೂ ಮುಂಬಯಿಯ ಎಲ್ಫಿನ್‌ಸ್ಟನ್ ಕಾಲೇಜುಗಳಲ್ಲಿ ಓದಿ 1884ರಲ್ಲಿ ಬಿ.ಎ. ಪದವಿ ಪಡೆದರು. ಎಲ್ಫಿನ್‌ಸ್ಟನ್‌ನಲ್ಲಿ ತಿಂಗಳಿಗೆ 20 ರೂಪಾಯಿಯ ವಿದ್ಯಾರ್ಥಿವೇತನ ದೊರೆತದ್ದರಿಂದ ಅಣ್ಣನ ಹೊರೆ ಸ್ವಲ್ಪ ಇಳಿಯಿತು.

ಪದವೀಧರನ ಮುಂದಿದ್ದ ದಾರಿಗಳು

1880ರ ದಶಕದ ಮುಂಬಯಿ ಪ್ರಾಂತದಲ್ಲಿ ಬಿ.ಎ. ಆದವರ ಸಂಖ್ಯೆ ಬಹಳ ಕಡಿಮೆಯಿತ್ತು. ಪದವಿ ಪಡೆದ ತರುಣನಿಗೆ ಸಾಮಾನ್ಯವಾಗಿ ಎರಡು ದಾರಿಗಳು ಕಾಣುತ್ತಿದ್ದವು. ಒಂದು, ಕಂದಾಯ ಅಥವಾ ನ್ಯಾಯ ಇಲಾಖೆಯ ಸರ್ಕಾರಿ ಹುದ್ದೆ. ಇನ್ನೊಂದು, ವಕೀಲಿ ವೃತ್ತಿ. ಮೊದಲನೆಯದರಲ್ಲಿ ಭದ್ರತೆಯೂ ನಿವೃತ್ತಿ ವೇತನವೂ ಇದ್ದವು, ಎರಡನೆಯದರಲ್ಲಿ ಹಣವಿತ್ತು. ಗೋಖಲೆಯವರೂ ವಕೀಲರಾಗುವ ಆಸೆಯಿಂದ ಕಾನೂನು ತರಗತಿಗೆ ಸೇರಿದ್ದರು. ಓದಿನ ಖರ್ಚಿಗಾಗಿ ಪುಣೆಯ ನ್ಯೂ ಇಂಗ್ಲಿಷ್ ಸ್ಕೂಲಿನಲ್ಲಿ 35 ರೂಪಾಯಿ ಸಂಬಳದ ಸಹಾಯಕ ಉಪಾಧ್ಯಾಯರಾದರು. ಸಾಲದೆ ಬಂದುದಕ್ಕೆ ಸರ್ಕಾರಿ ನೌಕರಿಯ ಪರೀಕ್ಷೆಗೆ ಕೂರುವವರಿಗಾಗಿ ಪ್ರತ್ಯೇಕ ಪಾಠವನ್ನೂ ಹೇಳಿದರು. ಶಿಕ್ಷಕ ವೃತ್ತಿ ಅವರಿಗೆ ಮೊದಲು ತಾತ್ಕಾಲಿಕ ಆಸರೆಯಾಗಿತ್ತು, ಅಷ್ಟೆ.

ಆದರೆ ಅವರು ಸೇರಿದ ಶಾಲೆ ಸಾಮಾನ್ಯವಾದುದಾಗಿರಲಿಲ್ಲ. ಸರ್ಕಾರಿ ನೌಕರಿಯನ್ನು ಬಿಟ್ಟು ಬಂದ ವಿಷ್ಣುಶಾಸ್ತ್ರಿ ಚಿಪಳೂಣಕರರು ಬಾಲ ಗಂಗಾಧರ ತಿಲಕರೊಡನೆ 1880ರ ಜನವರಿಯಲ್ಲಿ ಅದನ್ನು ತೆರೆದಿದ್ದರು. ಎಂ.ಬಿ. ನಾಮಜೋಶಿ, ಗೋಪಾಲ ಗಣೇಶ ಆಗರಕರ ಮತ್ತು ಸಂಸ್ಕೃತ ನಿಘಂಟಿನಿಂದ ಪ್ರಸಿದ್ಧರಾದ ವಾಮನ ಶಿವರಾಮ ಆಪ್ಟೆ ಅವರ ಜೊತೆಗೂಡಿದರು. ಸರ್ಕಾರದ ಶಾಲೆಗಳಿಗೂ ಮಿಷನರಿ ಶಾಲೆಗಳಿಗೂ ಬದಲಾಗಿ ಭಾರತೀಯರೇ ನಡೆಸುವ, ಸಾಮಾನ್ಯರ ಕೈಗೆಟಕುವ ಶುಲ್ಕದ ಶಿಕ್ಷಣ ಅವರ ಗುರಿಯಾಗಿತ್ತು. 1884ರ ಅಕ್ಟೋಬರಿನಲ್ಲಿ ಡೆಕ್ಕನ್ ಎಜುಕೇಶನ್ ಸೊಸೈಟಿ ರೂಪುಗೊಂಡಿತು. 1885ರ ಜನವರಿ 2ರಂದು ಫರ್ಗ್ಯುಸನ್ ಕಾಲೇಜು ಆರಂಭವಾಯಿತು.

ಆಜೀವ ಸದಸ್ಯತ್ವ

ಶುಲ್ಕ ಕಡಿಮೆ, ಸರ್ಕಾರದ ಅನುದಾನ ಅನಿಶ್ಚಿತ. ಹೀಗಿರುವಾಗ ಒಳ್ಳೆಯ ಪದವೀಧರರನ್ನು ಹಿಡಿದಿಡುವುದು ಹೇಗೆ? ಸೊಸೈಟಿ ಇದಕ್ಕೆ ಕಂಡುಕೊಂಡ ಉತ್ತರವೇ ಆಜೀವ ಸದಸ್ಯತ್ವ. ಆಜೀವ ಸದಸ್ಯನು 20 ವರ್ಷ ಸೇವೆ ಸಲ್ಲಿಸುವುದಾಗಿ ಮಾತು ಕೊಡಬೇಕು. ತಿಂಗಳ ವೇತನ 75 ರೂಪಾಯಿಗೆ ಸೀಮಿತ. ಅದಕ್ಕೆ ಪ್ರತಿಯಾಗಿ ಅವನು ನೌಕರನಷ್ಟೇ ಆಗಿ ಉಳಿಯದೆ ಸಂಸ್ಥೆಯ ಆಡಳಿತದಲ್ಲಿ ಪಾಲುದಾರನಾಗುತ್ತಾನೆ. ಪಾಠ ಹೇಳುವವರೇ ಸಂಸ್ಥೆಯನ್ನು ನಡೆಸುವವರು ಎಂಬ ಈ ಏರ್ಪಾಡು ಪಶ್ಚಿಮ ಭಾರತದ ಖಾಸಗಿ ಶಿಕ್ಷಣಕ್ಕೆ ಒಂದು ಹೊಸ ಮಾದರಿಯಾಯಿತು.

ಆಜೀವ ಸದಸ್ಯರಾಗಲು ಗೋಖಲೆಯವರಿಗೆ ಸುಲಭವಾಗಿರಲಿಲ್ಲ. ಮನೆಯವರು ಅವರಿಂದ ದೊಡ್ಡ ಸರ್ಕಾರಿ ಹುದ್ದೆಯನ್ನು ನಿರೀಕ್ಷಿಸಿದ್ದರು. ಆ ನಿರೀಕ್ಷೆ ಅನ್ಯಾಯದ್ದೇನೂ ಆಗಿರಲಿಲ್ಲ. ತನ್ನ ಓದನ್ನು ಬಲಿಗೊಟ್ಟ ಅಣ್ಣನ ಸಂಸಾರವೂ ಅವರ ಸಂಬಳವನ್ನು ನೋಡಿಕೊಂಡಿತ್ತು. ಕಡೆಗೆ ಗೋವಿಂದರಾಯನೇ ಒಪ್ಪಿಗೆ ಕೊಟ್ಟ ಮೇಲೆ, ಇಪ್ಪತ್ತರ ಹರೆಯದಲ್ಲಿ, ಗೋಖಲೆಯವರು ಸದಸ್ಯರಾದರು. ಸೇವಾಸಂಸ್ಥೆಗಳ ಚರಿತ್ರೆ ಬರೆಯುವಾಗ ಸೇರಿದವನ ತ್ಯಾಗವನ್ನು ಹೇಳುವುದು ವಾಡಿಕೆ. ಅವನನ್ನು ಬಿಟ್ಟುಕೊಟ್ಟ ಮನೆಯವರ ಪಾಲು ಅಷ್ಟಾಗಿ ದಾಖಲಾಗುವುದಿಲ್ಲ.

ತಿಲಕರೊಡನೆ ವಿವಾದ

ಸೊಸೈಟಿಯೊಳಗಿನ ಒಡಕನ್ನು ಸಾಮಾನ್ಯವಾಗಿ ತಿಲಕ ಮತ್ತು ಆಗರಕರರ ನಡುವಿನ ಸಾಮಾಜಿಕ ಸುಧಾರಣೆಯ ಭಿನ್ನಮತವೆಂದು ವಿವರಿಸಲಾಗುತ್ತದೆ. ಅದು ನಿಜ. ಆದರೆ ಅದರಷ್ಟೇ ತೀವ್ರವಾದ ಇನ್ನೊಂದು ಜಗಳ ಸಂಬಳ ಮತ್ತು ಸಮಯದ ಕುರಿತಾಗಿತ್ತು. ಆಜೀವ ಸದಸ್ಯನು ತನ್ನ ಶಕ್ತಿಯನ್ನೆಲ್ಲ ಸಂಸ್ಥೆಗೇ ಕೊಡಬೇಕು, ಹೊರಗೆ ದುಡಿದರೆ ಆ ಹಣವೂ ಸಂಸ್ಥೆಗೇ ಸೇರಬೇಕು ಎಂಬುದು ತಿಲಕರ ನಿಲುವು. ವೇತನವನ್ನು ಹೆಚ್ಚಿಸುವ ಸಲಹೆಯನ್ನೂ ಅವರು ವಿರೋಧಿಸಿದ್ದರು. ತರಗತಿಯ ಕೆಲಸ ಲೋಪವಿಲ್ಲದೆ ನಡೆದ ಮೇಲೆ ಉಳಿದ ಹೊತ್ತು ಸದಸ್ಯನದು, ಅಷ್ಟು ಕಡಿಮೆ ಸಂಬಳದಲ್ಲಿ ಸಂಸಾರ ನಡೆಸುವವನಿಗೆ ಬೇರೆ ಆದಾಯವನ್ನು ನಿಷೇಧಿಸುವುದು ಸರಿಯಲ್ಲ ಎಂಬುದು ಆಗರಕರ ಮತ್ತು ಗೋಖಲೆಯವರ ಪಕ್ಷದ ವಾದ.

ಗೋಖಲೆಯವರು ನ್ಯಾಯಮೂರ್ತಿ ಮಹಾದೇವ ಗೋವಿಂದ ರಾನಡೆಯವರ ಶಿಷ್ಯರಾಗಿ ಪುಣೆಯ ಸಾರ್ವಜನಿಕ ಸಭೆಯ ತ್ರೈಮಾಸಿಕ ಪತ್ರಿಕೆಯ ಕೆಲಸವನ್ನು ವಹಿಸಿಕೊಂಡಿದ್ದರು. ಆಗರಕರರ ಸುಧಾರಕ ಪತ್ರಿಕೆಯ ಇಂಗ್ಲಿಷ್ ವಿಭಾಗಕ್ಕೂ ಬರೆಯುತ್ತಿದ್ದರು. 1890ರಲ್ಲಿ ಅವರು ಸಾರ್ವಜನಿಕ ಸಭೆಯ ಕಾರ್ಯದರ್ಶಿಯಾದಾಗ, ಕಾಲೇಜಿನ ಹೊತ್ತು ಹೊರಗಿನ ಕೆಲಸಕ್ಕೆ ಹೋಗುತ್ತಿದೆ ಎಂಬ ಆಕ್ಷೇಪ ಕಡೆಯ ಹಂತವನ್ನು ಮುಟ್ಟಿತು. ಅದೇ ವರ್ಷ ತಿಲಕರು ಸೊಸೈಟಿಯನ್ನು ತೊರೆದರು. ತಾವು ಕಟ್ಟಿದ ಸಂಸ್ಥೆಯನ್ನು ಬಿಟ್ಟು ಹೋಗುವುದು ತಿಲಕರಿಗೆ ಸಣ್ಣ ನೋವಾಗಿರಲಿಲ್ಲ.

ಈ ಜಗಳದಲ್ಲಿ ಒಂದು ಪಕ್ಷ ಸ್ವಾರ್ಥದ್ದು, ಇನ್ನೊಂದು ತ್ಯಾಗದ್ದು ಎಂದು ವಿಭಾಗಿಸುವುದು ಸರಿಯಾಗದು. ಎಲ್ಲರೂ ಅದೇ ಕಡಿಮೆ ಸಂಬಳಕ್ಕೆ ದುಡಿಯುತ್ತಿದ್ದವರು. ತಿಲಕರಿಗೆ ಸಂಸ್ಥೆಯು ಒಂದು ಮಠದಂತೆ ಇರಬೇಕಿತ್ತು. ಗೋಖಲೆಯವರಿಗೆ ಅದು ಒಳ್ಳೆಯ ಕಾಲೇಜಾಗಿದ್ದರೆ ಸಾಕಿತ್ತು. ಗೋಖಲೆಯವರು ಮುಂದೆ ಈ ನಿಲುವಿನಿಂದ ಎಷ್ಟು ದೂರ ಬಂದರೆಂಬುದು ಭಾರತ ಸೇವಕರ ಸಂಘದ ನಿಯಮಗಳಲ್ಲಿ ಕಾಣುತ್ತದೆ.

ಅಧ್ಯಾಪಕರಾಗಿ

ತಿಲಕರ ನಿರ್ಗಮನದಿಂದ ಗಣಿತದ ಪೀಠ ತೆರವಾಯಿತು. ಅದಕ್ಕೆ ಗೋಖಲೆಯವರು ಎಲ್ಫಿನ್‌ಸ್ಟನ್ ಕಾಲೇಜಿನ ತಮ್ಮ ಸಹಪಾಠಿ, ಮುಂಬಯಿಯಲ್ಲಿ ಪಾಠ ಹೇಳಿಕೊಂಡಿದ್ದ ಧೋಂಡೋ ಕೇಶವ ಕರ್ವೆಯವರನ್ನು ಆಹ್ವಾನಿಸಿದರು. 1891ರಲ್ಲಿ ಬಂದ ಕರ್ವೆಯವರು ಎರಡು ದಶಕಕ್ಕೂ ಮೀರಿ ಅಲ್ಲಿ ಸೇವೆ ಸಲ್ಲಿಸಿದರು. ವಿಧವೆಯರ ಶಿಕ್ಷಣಕ್ಕಾಗಿ ಅವರು ಮಾಡಿದ ಕೆಲಸವೆಲ್ಲ ಆ ಪುಣೆಯ ನೆಲೆಯಿಂದಲೇ ಬೆಳೆಯಿತು.

ಗೋಖಲೆಯವರು ಸ್ವತಃ ಇಂಗ್ಲಿಷ್, ಗಣಿತ, ಇತಿಹಾಸ ಮತ್ತು ಅರ್ಥಶಾಸ್ತ್ರವನ್ನು ಕಲಿಸಿದರು. ಯಾವ ವಿಷಯಕ್ಕೆ ಅಧ್ಯಾಪಕರಿಲ್ಲವೋ ಆ ವಿಷಯವನ್ನು ಓದಿಕೊಂಡು ಹೋಗಿ ಕಲಿಸುವುದು ಬಡ ಸಂಸ್ಥೆಗಳಲ್ಲಿ ಎಂದಿಗೂ ಇದ್ದದ್ದೇ. ಅವರದು ಹುಟ್ಟಿನಿಂದ ಬಂದ ವಾಗ್ಮಿತೆಗಿಂತ ಶ್ರಮದಿಂದ ಪಡೆದ ಪಾಂಡಿತ್ಯ. ಇಂಗ್ಲಿಷ್ ಗ್ರಂಥಗಳ ದೀರ್ಘ ಭಾಗಗಳನ್ನು ಕಂಠಸ್ಥ ಮಾಡಿಕೊಂಡು ಭಾಷೆಯನ್ನು ಹದಗೊಳಿಸಿಕೊಂಡಿದ್ದರು. ಅವರು ಶಾಲೆಗಳಿಗಾಗಿ ಬರೆದ ಅಂಕಗಣಿತದ ಪುಸ್ತಕವನ್ನು ಮ್ಯಾಕ್‌ಮಿಲನ್ ಸಂಸ್ಥೆ 1896ರಲ್ಲಿ ಪ್ರಕಟಿಸಿತು. ಅದು ಹಲವು ಭಾರತೀಯ ಭಾಷೆಗಳಿಗೆ ಅನುವಾದವಾಗಿ, ಬಹುಕಾಲ ಪಠ್ಯವಾಗಿತ್ತು. ಅದರ ಗೌರವಧನವೇ ಕಾಲೇಜನ್ನು ಬಿಟ್ಟ ಮೇಲೆ ಅವರ ಜೀವನಕ್ಕೆ ಮುಖ್ಯ ಆಧಾರವಾಯಿತು. ತಿಲಕರ ನಿಯಮ ಜಾರಿಯಲ್ಲಿದ್ದಿದ್ದರೆ ಆ ಹಣ ಸೊಸೈಟಿಯ ಖಜಾನೆಗೆ ಹೋಗುತ್ತಿತ್ತು.

ಸೊಸೈಟಿಯ ಕಾರ್ಯದರ್ಶಿಯಾಗಿ ಅವರು ಮಾಡಿದ ಇನ್ನೊಂದು ಕೆಲಸ ಚಂದಾ ಎತ್ತುವುದು. ರಜೆ ಬಂತೆಂದರೆ ಊರೂರು ಅಲೆದು, ಸಂಸ್ಥಾನಿಕರಿಂದ ಹಿಡಿದು ಸಣ್ಣ ವ್ಯಾಪಾರಿಗಳವರೆಗೆ ಎಲ್ಲರ ಬಾಗಿಲಿಗೆ ಹೋಗುತ್ತಿದ್ದರು. ಕೆಲವೆಡೆ ಗಂಟೆಗಟ್ಟಲೆ ಕಾಯಿಸಿಕೊಂಡು, ಕೆಲವೆಡೆ ಬರಿಗೈಯಲ್ಲಿ ಹಿಂದಿರುಗಿದರು. ಸ್ವಭಾವತಃ ಸಂಕೋಚದ ಮನುಷ್ಯರಾಗಿದ್ದ ಅವರಿಗೆ ಇದು ಕಠಿಣವಾಗಿತ್ತು. ಊರ ಹೊರಗಿನ ಗುಡ್ಡದ ಬಳಿ ಫರ್ಗ್ಯುಸನ್ ಕಾಲೇಜಿಗೆ ಸ್ವಂತ ಕಟ್ಟಡ ಎದ್ದದ್ದು ಇಂಥ ಅಲೆದಾಟದ ಫಲ.

ಆಜೀವ ಸದಸ್ಯತ್ವದ ಆಕರ್ಷಣೆಗೆ ಒಂದು ಉದಾಹರಣೆ ರಘುನಾಥ ಪುರುಷೋತ್ತಮ ಪರಾಂಜಪೆ. ಫರ್ಗ್ಯುಸನ್ ಕಾಲೇಜಿನ ವಿದ್ಯಾರ್ಥಿಯಾಗಿದ್ದ ಅವರು 1899ರಲ್ಲಿ ಕೇಂಬ್ರಿಜ್‌ನಲ್ಲಿ ಸೀನಿಯರ್ ರ‍್ಯಾಂಗ್ಲರ್ ಪದವಿಯನ್ನು ಪಡೆದ ಮೊದಲ ಭಾರತೀಯರು. ಅವರು ಬಯಸಿದ್ದರೆ ಸರ್ಕಾರದಲ್ಲಿ ಹಲವು ಪಟ್ಟು ವೇತನದ ಹುದ್ದೆ ಸಿಗುತ್ತಿತ್ತು. ಅವರು ಪುಣೆಗೆ ಮರಳಿ ಅದೇ 75 ರೂಪಾಯಿಗೆ ಸೇರಿ, 1902ರಲ್ಲಿ ಪ್ರಾಂಶುಪಾಲರಾದರು. ಅದೇ ವರ್ಷ ಗೋಖಲೆಯವರು ಸುಮಾರು ಹದಿನೆಂಟು ವರ್ಷಗಳ ಸೇವೆಯ ನಂತರ ನಿವೃತ್ತರಾದರು.

ಸಾರ್ವಜನಿಕ ಜೀವನ

1897ರಲ್ಲಿ ಭಾರತದ ಹಣಕಾಸು ವೆಚ್ಚವನ್ನು ಕುರಿತ ವೆಲ್ಬಿ ಆಯೋಗದ ಮುಂದೆ ಸಾಕ್ಷ್ಯ ನುಡಿಯಲು ಗೋಖಲೆಯವರು ಇಂಗ್ಲೆಂಡಿಗೆ ಹೋದರು. ಆ ಸಾಕ್ಷ್ಯ ಅವರಿಗೆ ಕೀರ್ತಿ ತಂದಿತು. ಅದೇ ಪ್ರವಾಸದಲ್ಲಿ, ಪುಣೆಯ ಪ್ಲೇಗ್ ತಪಾಸಣೆಯ ವೇಳೆ ಸೈನಿಕರು ನಡೆಸಿದರೆನ್ನಲಾದ ದೌರ್ಜನ್ಯಗಳನ್ನು ಮಿತ್ರರ ಪತ್ರಗಳ ಆಧಾರದ ಮೇಲೆ ಅಲ್ಲಿನ ಪತ್ರಿಕೆಗೆ ತಿಳಿಸಿದರು. ಹಿಂದಿರುಗಿದಾಗ ಸಾಕ್ಷಿ ಹೇಳಲು ಯಾರೂ ಮುಂದೆ ಬರಲಿಲ್ಲ. ಅವರು ಬೇಷರತ್ತಾಗಿ ಕ್ಷಮೆ ಕೇಳಿದರು. ಸ್ವಂತ ಜನರಿಂದಲೇ ಹೇಡಿಯೆಂಬ ನಿಂದೆಯನ್ನು ಕೇಳಬೇಕಾಯಿತು.

1899ರಲ್ಲಿ ಮುಂಬಯಿ ಶಾಸನ ಪರಿಷತ್ತಿಗೂ, ಬಳಿಕ ವೈಸ್‌ರಾಯರ ಶಾಸನ ಪರಿಷತ್ತಿಗೂ ಅವರು ಚುನಾಯಿತರಾದರು. 1902ರಿಂದ ಪ್ರತಿವರ್ಷ ಆಯವ್ಯಯದ ಮೇಲೆ ಅವರು ಮಾಡಿದ ಭಾಷಣಗಳಲ್ಲಿ ಉಪ್ಪಿನ ತೆರಿಗೆ, ಸೇನಾ ವೆಚ್ಚ, ಉನ್ನತ ಹುದ್ದೆಗಳಿಂದ ಭಾರತೀಯರನ್ನು ದೂರವಿಟ್ಟಿದ್ದು ಮತ್ತೆ ಮತ್ತೆ ಬರುತ್ತವೆ. 1905ರ ಬನಾರಸ್ ಕಾಂಗ್ರೆಸ್ ಅಧಿವೇಶನಕ್ಕೆ ಅವರು ಅಧ್ಯಕ್ಷರಾಗಿದ್ದರು. 1907ರಲ್ಲಿ ಸೂರತ್‌ನಲ್ಲಿ ಕಾಂಗ್ರೆಸ್ ಒಡೆದಾಗ ಗೋಖಲೆ ಮತ್ತು ತಿಲಕರು ಮತ್ತೊಮ್ಮೆ ಎದುರು ಬದಿರು ನಿಂತರು.

ಭಾರತ ಸೇವಕರ ಸಂಘ

1905ರ ಜೂನ್ 12ರಂದು ಗೋಖಲೆಯವರು ಪುಣೆಯಲ್ಲಿ ಸರ್ವೆಂಟ್ಸ್ ಆಫ್ ಇಂಡಿಯಾ ಸೊಸೈಟಿಯನ್ನು, ಅಂದರೆ ಭಾರತ ಸೇವಕರ ಸಂಘವನ್ನು, ಸ್ಥಾಪಿಸಿದರು. ಮೊದಲ ಸದಸ್ಯರು ಗೋಖಲೆಯವರೂ ಸೇರಿ ನಾಲ್ವರು. ಉಳಿದ ಮೂವರು ಎನ್.ಎ. ದ್ರಾವಿಡ್, ಎ.ವಿ. ಪಟವರ್ಧನ್ ಮತ್ತು ಜಿ.ಕೆ. ದೇವಧರ್. ಬಿಡುವಿನ ವೇಳೆಯಲ್ಲಿ ದೇಶಸೇವೆ ಮಾಡುವ ವಕೀಲರಿಂದಷ್ಟೇ ಸಾರ್ವಜನಿಕ ಕಾರ್ಯ ಮುಂದುವರಿಯದು, ಅದನ್ನೇ ಪೂರ್ಣ ವೃತ್ತಿಯಾಗಿ ಸ್ವೀಕರಿಸಿ ತರಬೇತಿ ಪಡೆದವರು ಬೇಕು ಎಂಬುದು ಅವರ ಆಲೋಚನೆ. ಹೊಸ ಸದಸ್ಯನಿಗೆ ಐದು ವರ್ಷಗಳ ತರಬೇತಿ ಇತ್ತು. ಅದರಲ್ಲಿ ಅಧ್ಯಯನವೂ ದೇಶಸಂಚಾರವೂ ಸೇರಿದ್ದವು.

ಸದಸ್ಯನು ಏಳು ಪ್ರತಿಜ್ಞೆಗಳನ್ನು ಸ್ವೀಕರಿಸಬೇಕಿತ್ತು. ದೇಶವನ್ನು ಮೊದಲಾಗಿ ಕಾಣುವುದು, ಜಾತಿ ಮತಗಳ ಭೇದವಿಲ್ಲದೆ ಎಲ್ಲ ಭಾರತೀಯರನ್ನೂ ಸೋದರರೆಂದು ಭಾವಿಸುವುದು, ವೈಯಕ್ತಿಕ ಜಗಳಗಳಿಂದ ದೂರವಿರುವುದು ಇವು ಅವುಗಳಲ್ಲಿ ಕೆಲವು. ಇನ್ನೊಂದು ಪ್ರತಿಜ್ಞೆಯ ಪ್ರಕಾರ, ತನಗೂ ತನ್ನ ಕುಟುಂಬಕ್ಕೂ ಸಂಘ ಕೊಟ್ಟಷ್ಟರಲ್ಲಿ ಸದಸ್ಯನು ತೃಪ್ತನಾಗಿರಬೇಕು, ತನಗಾಗಿ ಹಣ ಸಂಪಾದಿಸಲು ಶಕ್ತಿಯನ್ನು ವ್ಯಯಿಸಕೂಡದು. ಹದಿನೈದು ವರ್ಷಗಳ ಹಿಂದೆ ಡೆಕ್ಕನ್ ಎಜುಕೇಶನ್ ಸೊಸೈಟಿಯಲ್ಲಿ ತಿಲಕರು ಕೇಳಿದ್ದು ಹೆಚ್ಚುಕಡಿಮೆ ಇದನ್ನೇ. ವ್ಯತ್ಯಾಸವೂ ಇದೆ. ಅಲ್ಲಿ ಸೇರಿದ ಮೇಲೆ ನಿಯಮವನ್ನು ಬಿಗಿಗೊಳಿಸುವ ಯತ್ನ ನಡೆದಿತ್ತು. ಇಲ್ಲಿ ಸೇರುವ ಮೊದಲೇ ಎಲ್ಲವೂ ಸ್ಪಷ್ಟವಾಗಿತ್ತು, ಸದಸ್ಯನ ಕುಟುಂಬದ ನಿರ್ವಹಣೆಯನ್ನು ಸಂಘವೇ ತನ್ನ ಹೊಣೆಯೆಂದು ಒಪ್ಪಿಕೊಂಡಿತ್ತು. ಅಣ್ಣನ 15 ರೂಪಾಯಿ ಸಂಬಳದಲ್ಲಿ ಓದಿದವರು ಕುಟುಂಬ ಎಂಬ ಪದವನ್ನು ಪ್ರತಿಜ್ಞೆಯೊಳಗೇ ಸೇರಿಸಿದ್ದು ಗಮನಾರ್ಹ. ಆದರೂ ಕೊಡುತ್ತಿದ್ದ ಮೊತ್ತ ತೀರ ಅಲ್ಪವಾಗಿತ್ತು. ಸದಸ್ಯರ ಸಂಖ್ಯೆ ಎಂದೂ ದೊಡ್ಡದಾಗಲಿಲ್ಲ.

ಸಂಖ್ಯೆ ಚಿಕ್ಕದಾದರೂ ಅಲ್ಲಿಂದ ಬಂದವರ ಕೆಲಸ ದೊಡ್ಡದು. ಮದರಾಸಿನ ತಿರುವಲ್ಲಿಕ್ಕೇಣಿಯ ಹೈಸ್ಕೂಲಿನಲ್ಲಿ ಮುಖ್ಯೋಪಾಧ್ಯಾಯರಾಗಿದ್ದ ವಿ.ಎಸ್. ಶ್ರೀನಿವಾಸ ಶಾಸ್ತ್ರಿಗಳು 1907ರಲ್ಲಿ ಸೇರಿ, ಗೋಖಲೆಯವರ ನಂತರ ಸಂಘದ ಅಧ್ಯಕ್ಷರಾದರು. ಶಿಕ್ಷಕರಾಗಿದ್ದ ಎನ್.ಎಂ. ಜೋಶಿಯವರು ಮುಂಬಯಿಯಲ್ಲಿ ಸೋಶಿಯಲ್ ಸರ್ವಿಸ್ ಲೀಗ್ ಕಟ್ಟಿ, 1920ರಲ್ಲಿ ಅಖಿಲ ಭಾರತ ಕಾರ್ಮಿಕ ಸಂಘಗಳ ಕಾಂಗ್ರೆಸ್ಸಿನ ಸ್ಥಾಪಕರಲ್ಲಿ ಒಬ್ಬರಾದರು. ದೇವಧರರು ರಮಾಬಾಯಿ ರಾನಡೆಯವರೊಡನೆ ಪುಣೆಯ ಸೇವಾಸದನವನ್ನು ಬೆಳೆಸಿದರು. ಅಲ್ಲಿ ತರಬೇತಿ ಪಡೆದ ಅನೇಕ ಸ್ತ್ರೀಯರು ಶಿಕ್ಷಕಿಯರೂ ದಾದಿಯರೂ ಆಗಿ ಸ್ವಂತ ದುಡಿಮೆಯ ಮೇಲೆ ನಿಂತರು. ಮುಂಬಯಿ ನಗರಸಭೆಯ ಎಂಜಿನಿಯರ್ ಹುದ್ದೆಯನ್ನು ಬಿಟ್ಟು 1914ರಲ್ಲಿ ಬಂದ ಅಮೃತಲಾಲ್ ಠಕ್ಕರ್ ಮುಂದೆ ಠಕ್ಕರ್ ಬಾಪಾ ಎಂದೇ ದೇಶಕ್ಕೆ ಪರಿಚಿತರಾದರು.

ಪ್ರಾಥಮಿಕ ಶಿಕ್ಷಣ ಮಸೂದೆ

ಕಾಲೇಜು ಶಿಕ್ಷಣದಿಂದ ಜೀವನ ಆರಂಭಿಸಿದ ಗೋಖಲೆಯವರ ಗಮನ ಕೊನೆಯ ವರ್ಷಗಳಲ್ಲಿ ಪ್ರಾಥಮಿಕ ಶಾಲೆಗಳ ಕಡೆ ತಿರುಗಿತು. 1910ರಲ್ಲಿ ಅವರು ಈ ಕುರಿತು ಶಾಸನ ಪರಿಷತ್ತಿನಲ್ಲಿ ನಿರ್ಣಯವೊಂದನ್ನು ಮಂಡಿಸಿದರು. 1911ರ ಮಾರ್ಚ್‌ನಲ್ಲಿ ಮಸೂದೆಯನ್ನೇ ತಂದರು. ನಗರಸಭೆಗಳೂ ಜಿಲ್ಲಾ ಮಂಡಳಿಗಳೂ ಬಯಸಿದರೆ, ಸರ್ಕಾರದ ಒಪ್ಪಿಗೆ ಪಡೆದು, ತಮ್ಮ ವ್ಯಾಪ್ತಿಯಲ್ಲಿ 6ರಿಂದ 10 ವರ್ಷದ ಬಾಲಕರಿಗೆ ಶಿಕ್ಷಣವನ್ನು ಕಡ್ಡಾಯಗೊಳಿಸಬಹುದು ಎಂಬುದಷ್ಟೇ ಅದರ ಸಾರ. ತಿಂಗಳಿಗೆ 10 ರೂಪಾಯಿಗಿಂತ ಕಡಿಮೆ ಆದಾಯವುಳ್ಳ ತಂದೆತಾಯಿಗಳ ಮಕ್ಕಳಿಗೆ ಶುಲ್ಕವಿರಬಾರದೆಂಬ ವಿಧಿಯೂ ಇತ್ತು. ವೆಚ್ಚದ ಮೂರನೆಯ ಎರಡು ಪಾಲನ್ನು ಸರ್ಕಾರವೂ ಒಂದು ಪಾಲನ್ನು ಸ್ಥಳೀಯ ಸಂಸ್ಥೆಗಳೂ ಭರಿಸಬೇಕೆಂದು ಅವರು ಸೂಚಿಸಿದರು.

ಇಷ್ಟು ಎಚ್ಚರದಿಂದ ರೂಪಿಸಿದ ಮಸೂದೆಗೂ ಸರ್ಕಾರ ಒಪ್ಪಲಿಲ್ಲ. ಹಣವಿಲ್ಲವೆಂಬ ನೆಪವಿತ್ತು. ಕೂಲಿಯಾಳುಗಳ ಮಕ್ಕಳು ಓದಿದರೆ ದುಡಿಯುವವರು ಯಾರೆಂಬ ಭಯ ಜಮೀನ್ದಾರರಲ್ಲಿತ್ತು. 1912ರ ಮಾರ್ಚ್ 19ರಂದು ಮಸೂದೆ 13ಕ್ಕೆ 38 ಮತಗಳಿಂದ ಬಿದ್ದುಹೋಯಿತು. ವಿರೋಧಿಸಿದವರಲ್ಲಿ ಭಾರತೀಯ ಸದಸ್ಯರೂ ಇದ್ದರು. ಸೋಲುವುದೆಂದು ತಿಳಿದೇ ಗೋಖಲೆಯವರು ಅದನ್ನು ಮತಕ್ಕೆ ಹಾಕಿದ್ದರು.

ಕೊನೆಯ ವರ್ಷಗಳು

ಕರಾರು ಕೂಲಿ ಪದ್ಧತಿಯಲ್ಲಿ ಕಡಲಾಚೆಗೆ ಸಾಗುತ್ತಿದ್ದ ಭಾರತೀಯರ ಸ್ಥಿತಿ ಗೋಖಲೆಯವರನ್ನು ಬಹಳವಾಗಿ ಕಾಡಿತ್ತು. ನಟಾಲಿಗೆ ಕೂಲಿಗಳ ನೇಮಕಾತಿಯನ್ನು ನಿಲ್ಲಿಸಬೇಕೆಂಬ ಅವರ ನಿರ್ಣಯ 1910ರಲ್ಲಿ ಅಂಗೀಕೃತವಾಯಿತು. ಪದ್ಧತಿಯನ್ನೇ ತೆಗೆದುಹಾಕಬೇಕೆಂಬ 1912ರ ನಿರ್ಣಯ ಸೋತಿತು. ಅದೇ ವರ್ಷ ಅವರು ಗಾಂಧಿಯವರ ಆಹ್ವಾನದ ಮೇರೆಗೆ ದಕ್ಷಿಣ ಆಫ್ರಿಕಾದಲ್ಲಿ ಪ್ರವಾಸ ಮಾಡಿದರು. ಸರ್ಕಾರಿ ಉನ್ನತ ಹುದ್ದೆಗಳ ನೇಮಕಾತಿಯನ್ನು ಪರಿಶೀಲಿಸಲು ರಚಿತವಾದ ಇಸ್ಲಿಂಗ್‌ಟನ್ ಆಯೋಗದ ಸದಸ್ಯರಾಗಿ, ಮಧುಮೇಹದಿಂದ ಬಳಲುತ್ತಿದ್ದರೂ, ಬಿಡುವಿಲ್ಲದೆ ದುಡಿದರು. 1914ರಲ್ಲಿ ಸರ್ಕಾರ ಕೊಡಬಂದ ಸರ್ ಪದವಿಯನ್ನು ನಿರಾಕರಿಸಿದರು.

1915ರ ಜನವರಿಯಲ್ಲಿ ಭಾರತಕ್ಕೆ ಮರಳಿದ ಗಾಂಧಿಯವರು ಭಾರತ ಸೇವಕರ ಸಂಘವನ್ನು ಸೇರಲು ಬಯಸಿದ್ದರು. ಅವರ ವಿಧಾನಗಳು ತಮ್ಮವುಗಳಿಗೆ ಹೊಂದಲಾರವೆಂದು ಇತರ ಸದಸ್ಯರು ಅನುಮಾನಿಸಿದರು. ಒಂದು ವರ್ಷ ದೇಶವನ್ನು ಸುತ್ತಿ ನೋಡುವಂತೆ ಗೋಖಲೆಯವರು ಗಾಂಧಿಯವರಿಗೆ ಸಲಹೆ ನೀಡಿದರು. ಕೆಲವೇ ವಾರಗಳಲ್ಲಿ, ಫೆಬ್ರವರಿ 19ರಂದು, ತಮ್ಮ 48ನೆಯ ವಯಸ್ಸಿನಲ್ಲಿ ಪುಣೆಯಲ್ಲಿ ತೀರಿಕೊಂಡರು. ಅವರಿಗೆ ಇಬ್ಬರು ಹೆಣ್ಣುಮಕ್ಕಳಿದ್ದರು. ಅಂತ್ಯಕ್ರಿಯೆಗೆ ಬಂದ ತಿಲಕರು ಚಿತೆಯ ಬಳಿ ನಿಂತು ಗೋಖಲೆಯವರ ದೇಶಸೇವೆಯನ್ನು ಮನಸಾರೆ ಕೊಂಡಾಡಿದರು. ಗಾಂಧಿಯವರು ಮುಂದೆ ಸದಸ್ಯತ್ವದ ಮನವಿಯನ್ನು ತಾವೇ ಹಿಂತೆಗೆದುಕೊಂಡರು.

ಕರ್ನಾಟಕದಲ್ಲಿ

ಗೋಖಲೆಯವರ ಮಸೂದೆ ಬಿದ್ದ ಮರುವರ್ಷವೇ, 1913ರಲ್ಲಿ, ಮೈಸೂರು ಸಂಸ್ಥಾನವು ಪ್ರಾಥಮಿಕ ಶಿಕ್ಷಣ ಶಾಸನವನ್ನು ತಂದು ಆಯ್ದ ಸ್ಥಳಗಳಲ್ಲಿ ಕಡ್ಡಾಯ ಶಿಕ್ಷಣಕ್ಕೆ ಅವಕಾಶ ಮಾಡಿತು. ಆಗ ದಿವಾನರಾಗಿದ್ದ ಎಂ. ವಿಶ್ವೇಶ್ವರಯ್ಯನವರು ಮುಂಬಯಿ ಸರ್ಕಾರದ ಸೇವೆಯಲ್ಲಿ ಪುಣೆಯಲ್ಲಿದ್ದಾಗ ಗೋಖಲೆಯವರ ಪರಿಚಯ ಉಳ್ಳವರಾಗಿದ್ದರು. 1916ರಲ್ಲಿ ಬೆಳಗಾವಿಯಲ್ಲಿ ತರುಣ ಅಧ್ಯಾಪಕರು ಕರ್ನಾಟಕ ಲಿಂಗಾಯತ ಎಜುಕೇಶನ್ ಸೊಸೈಟಿಯನ್ನು ಆರಂಭಿಸಿದಾಗ ಪುಣೆಯ ಮಾದರಿ ಅವರ ಕಣ್ಣಮುಂದಿತ್ತು. ಆಜೀವ ಸದಸ್ಯತ್ವದ ಪದ್ಧತಿ ಅಲ್ಲಿಯೂ ಬಂತು. ಉತ್ತರ ಕರ್ನಾಟಕದ ಅನೇಕ ವಿದ್ಯಾರ್ಥಿಗಳು ಫರ್ಗ್ಯುಸನ್ ಕಾಲೇಜಿನಲ್ಲಿ ಓದಿದರು. ದ.ರಾ. ಬೇಂದ್ರೆಯವರು ಅವರಲ್ಲಿ ಒಬ್ಬರು.

1915ರ ಮೇ ತಿಂಗಳಲ್ಲಿ ಗಾಂಧಿಯವರು ಬೆಂಗಳೂರಿಗೆ ಬಂದು ಗೋಖಲೆಯವರ ಭಾವಚಿತ್ರವನ್ನು ಅನಾವರಣ ಮಾಡಿದರು. ಗೋಖಲೆಯವರನ್ನು ಆದರ್ಶವೆಂದು ಬಗೆದಿದ್ದ ಡಿ.ವಿ. ಗುಂಡಪ್ಪನವರು ಅವರ ಜೀವನಚರಿತ್ರೆಯನ್ನು ಕನ್ನಡದಲ್ಲಿ ಬರೆದರು. 1945ರಲ್ಲಿ ಬೆಂಗಳೂರಿನಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಸ್ಥಾಪಿಸಿದರು. ನರಸಿಂಹರಾಜ ಕಾಲೋನಿಯಲ್ಲಿರುವ ಆ ಸಂಸ್ಥೆಯಲ್ಲಿ ಗ್ರಂಥಾಲಯವೂ ಉಪನ್ಯಾಸಗಳೂ ಇಂದಿಗೂ ನಡೆದುಕೊಂಡು ಬರುತ್ತಿವೆ.